ಬೆಟ್ಟದ ನೆತ್ತಿಗೆ ಬಂಗಲೆ, ಬುಡದ ತಲಪರಿಗೆಗೆ ಬರ

ನಮ್ಮ ಸೀಮೆಯ ಅರಳಿಕಟ್ಟೆಗಳಲ್ಲಿ ಇತ್ತೀಚೆಗೆ ಒಂದು ಮಾತು ಬಹಳ ಭರವಸೆಯಿಂದ ಓಡಾಡುತ್ತಿದೆ. ಬೆಂಗಳೂರಿನ ಸಿರಿವಂತರು ಬೆಟ್ಟದ ಬುಡಕ್ಕೆ ಬಂದು ಮನೆ ಕಟ್ಟಿಕೊಂಡರೆ ಊರು ಉದ್ಧಾರವಾಗುತ್ತದೆ, ಡಾಂಬರು ರಸ್ತೆ ಬರುತ್ತದೆ, ಹುಡುಗರಿಗೆ ಕೆಲಸ ಸಿಗುತ್ತದೆ, ಎಕರೆಗೆ ಬಂಗಾರದ ಬೆಲೆ ಬರುತ್ತದೆ ಎಂಬುದೇ ಆ ಮಾತು. ದೇವರಾಯನದುರ್ಗದ ತಪ್ಪಲಿನಿಂದ ಸಿದ್ದರಬೆಟ್ಟದವರೆಗೆ, ಚನ್ನರಾಯನದುರ್ಗದಿಂದ ಮಧುಗಿರಿಯ ಏಕಶಿಲೆಯವರೆಗೆ ರಸ್ತೆಯಂಚಿನ ಫಲಕಗಳನ್ನು ಓದುತ್ತ ಹೋಗುವವರಿಗೆ ಈ ಮಾತಿನ ಮೂಲ ಎಲ್ಲಿಯದೆಂದು ತಿಳಿಯುವುದು ಕಷ್ಟವೇನಲ್ಲ. ಫಾರ್ಮ್ ಪ್ಲಾಟ್, ಹಿಲ್ ವ್ಯೂ, ವೀಕೆಂಡ್ ಹೋಮ್ ಮೊದಲಾದ ಹೆಸರುಗಳಲ್ಲಿ ಮಾರಾಟಕ್ಕಿಟ್ಟಿರುವುದು ನೆಲವನ್ನಷ್ಟೇ ಅಲ್ಲ, ಬೆಟ್ಟವನ್ನು ನೋಡುವ ನೋಟವನ್ನೂ ಸಹ. ನೋಟಕ್ಕೂ ಬೆಲೆ ಕಟ್ಟಬಹುದೆಂಬುದು ನಮ್ಮ ಹಿರಿಯರಿಗೆ ಹೊಳೆದಿರಲಿಲ್ಲ. ಅವರು ಬೆಟ್ಟವನ್ನು ನೋಡುತ್ತಿದ್ದುದು ಮೋಡ ಎತ್ತ ಕವಿಯಿತೆಂದು ತಿಳಿಯಲು.

ಈ ಉದ್ಧಾರದ ಮಾತನ್ನು ಪರೀಕ್ಷಿಸದೆ ಒಪ್ಪುವುದು ಸರಿಯಲ್ಲವೆಂಬುದೇ ಈ ಲೇಖನದ ವಾದ. ಪರೀಕ್ಷಿಸಲು ಉದಾಹರಣೆಗಳಿಗೇನೂ ಕೊರತೆಯಿಲ್ಲ. ಒಂದು ಬಹು ದೂರದ್ದು, ಇನ್ನೊಂದು ನಮ್ಮ ನೆರೆಯದು.

ಕೆರಿಬಿಯನ್ ಸಮುದ್ರದಲ್ಲಿ ಹೈಟಿ ಎಂಬ ದೇಶವಿದೆ. ಗುಲಾಮರೇ ಬಂಡೆದ್ದು ಫ್ರೆಂಚರನ್ನು ಓಡಿಸಿ 1804ರಲ್ಲಿ ಸ್ವತಂತ್ರಗೊಳಿಸಿಕೊಂಡ ನಾಡು ಅದು. ಅದರ ರಾಜಧಾನಿ ಪೋರ್ಟ್-ಓ-ಪ್ರಿನ್ಸ್ ಕಡಲ ದಡದಲ್ಲಿದೆ. ಆ ನಗರದ ಬೆನ್ನಿಗಿರುವ ಗುಡ್ಡದ ಇಳಿಜಾರಿನಲ್ಲಿ 1831ರಲ್ಲಿ ಅಧ್ಯಕ್ಷ ಬೊಯೇ ಒಂದು ಊರನ್ನು ಕಟ್ಟಿಸಿ, ತನಗಿಂತ ಮುಂಚೆ ಆಳಿದ ಪೆಟಿಯಾನನ ಹೆಸರನ್ನು ಅದಕ್ಕಿಟ್ಟ. ಪೆಟಿಯಾನ್‌ವಿಲ್ ಎಂಬ ಆ ಊರು ಕಾಲಕ್ರಮದಲ್ಲಿ ಕೆಳಗಿನ ಸೆಖೆಯಿಂದ, ಕೊಳಕಿನಿಂದ, ಬಡವರಿಂದ ತಪ್ಪಿಸಿಕೊಳ್ಳಬಯಸಿದ ಉಳ್ಳವರ ನೆಲೆಯಾಯಿತು. ತಂಪು ಗಾಳಿ, ಎತ್ತರದ ಗೋಡೆಗಳು, ವಿದೇಶೀ ರಾಯಭಾರಿಗಳ ನಿವಾಸಗಳು, ಹೋಟೆಲುಗಳು, ಒಂದು ಗಾಲ್ಫ್ ಮೈದಾನ. ಅಲ್ಲಿಗೂ ಜನ ಹೆಚ್ಚಿದಾಗ ಬಂಗಲೆಗಳು ಇನ್ನೂ ಮೇಲಕ್ಕೆ ಹತ್ತಿದವು. ಆ ಮನೆಗಳಿಗೆ ಬೇಕಾದ ಬಿಳಿ ಮರಳನ್ನು ಅದೇ ಗುಡ್ಡಸಾಲಿನ ಲಬೂಲ್ ಎಂಬಲ್ಲಿ ಬಗೆದು ತೆಗೆದರು. ಗುಡ್ಡದ ಮೇಲೆ ಮನೆ ಕಟ್ಟಲು ಗುಡ್ಡವನ್ನೇ ಅಗೆಯುವ ಈ ವಿವೇಕದ ಪರಿಚಯ ನಮ್ಮ ಕಲ್ಲುಕ್ವಾರಿಗಳ ಸುತ್ತಲಿನ ಹಳ್ಳಿಗರಿಗೆ ಚೆನ್ನಾಗಿಯೇ ಇದೆ.

ಸಿರಿವಂತರು ಹೋದಲ್ಲಿಗೆ ಅವರ ಅಡುಗೆಯವರು, ತೋಟದವರು, ಕಾವಲುಗಾರರು, ಗಾರೆಯವರು ಹೋಗಲೇಬೇಕು. ಆದರೆ ಅವರಿಗೆ ಮನೆ ಕೊಡುವ ಯೋಚನೆ ಯಾವ ನಕ್ಷೆಯಲ್ಲೂ ಇರಲಿಲ್ಲ. ಆದ್ದರಿಂದ ಅವರು ಬಂಗಲೆಗಳಿಗೆ ಎದುರಾದ ಕಡಿದಾದ ಇಳಿಜಾರುಗಳಲ್ಲಿ, ಹಳ್ಳಗಳ ಅಂಚಿನಲ್ಲಿ, ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಗೂಡು ಕಟ್ಟಿಕೊಂಡರು. ಅಂಥದ್ದೊಂದು ಬಡಾವಣೆಗೆ ಜಲೂಸಿ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ಅಸೂಯೆ ಎಂಬ ಅರ್ಥವಿದೆ. 2008ರ ನವೆಂಬರ್ 7ರಂದು ಪೆಟಿಯಾನ್‌ವಿಲ್ಲಿನ ಒಂದು ಶಾಲಾ ಕಟ್ಟಡ ಪಾಠ ನಡೆಯುತ್ತಿದ್ದಾಗಲೇ ಕುಸಿದು ತೊಂಬತ್ತಕ್ಕೂ ಹೆಚ್ಚು ಮಂದಿ ಸತ್ತರು, ಬಹುಪಾಲು ಮಕ್ಕಳು. ಅದಕ್ಕೆ ಭೂಕಂಪವೂ ಬೇಕಾಗಿರಲಿಲ್ಲ. ಭೂಕಂಪ ಬಂದದ್ದು 2010ರ ಜನವರಿ 12ರಂದು. ಲಕ್ಷಕ್ಕೂ ಮಿಕ್ಕಿ ಜನ ಮಡಿದ ಆ ದುರಂತದ ಬಳಿಕ, ಸಿರಿವಂತರ ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಸುಮಾರು ಐವತ್ತು ಸಾವಿರ ನಿರಾಶ್ರಿತರು ಟಾರ್ಪಾಲಿನಡಿ ಬದುಕಿದರು. ಇಷ್ಟಾದರೂ 2013ರಲ್ಲಿ ಅಲ್ಲಿಯ ಸರ್ಕಾರ ಜಲೂಸಿಗೆ ಮಾಡಿದ ಉಪಕಾರವೇನು? ಹತ್ತು ಲಕ್ಷ ಡಾಲರಿಗೂ ಮೀರಿದ ವೆಚ್ಚದಲ್ಲಿ ಆ ಮನೆಗಳಿಗೆ ಬಣ್ಣ ಬಳಿಸಿತು. ಎದುರಿನ ಹೊಸ ಹೋಟೆಲಿನ ಕಿಟಕಿಗಳಿಂದ ಕಾಣುವ ಗೋಡೆಗಳಿಗೆ ಮೊದಲ ಮನ್ನಣೆ ಸಿಕ್ಕಿತು. ನೀರಿಗೂ ಚರಂಡಿಗೂ ಜನ ಹಾಗೆಯೇ ಕಾಯುತ್ತ ಉಳಿದರು.

ರಾಜಧಾನಿಗೆ ನೀರುಣಿಸುತ್ತಿದ್ದ ಊಟೆಗಳು ಇದೇ ಗುಡ್ಡಗಳಲ್ಲಿವೆ. ನಗರದ ನೆತ್ತಿಯ ಮೇಲಿರುವ ಮೋರ್ನ್ ಲೋಪಿತಾಲ್ ಎಂಬ ಗುಡ್ಡವನ್ನು ಕಾಪಾಡಲೆಂದು 1960ರ ದಶಕದಲ್ಲಿಯೇ ಕಾನೂನಾಗಿತ್ತು. ಕಾನೂನು ಕಾಗದದಲ್ಲಿ ಉಳಿಯಿತು, ಗುಡ್ಡ ಬೋಳಾಯಿತು. ಈಗ ಮಳೆ ಬಂದರೆ ಮೇಲಿನ ಮಣ್ಣು, ಕಲ್ಲು, ಕಸ ಕೆಳಗಿನ ಬಡವರ ಓಣಿಗಳಿಗೆ ನುಗ್ಗುತ್ತವೆ. ಗೋಡೆಗಳ ಹಿಂದಿನವರಾದರೂ ಸುಖವಾಗಿದ್ದಾರೆಯೇ ಎಂದರೆ, 2021ರ ಜುಲೈ 7ರಂದು ದೇಶದ ಅಧ್ಯಕ್ಷರನ್ನೇ ಪೆಟಿಯಾನ್‌ವಿಲ್ ಮೇಲಿನ ಇಳಿಜಾರಿನ ಅವರ ಮನೆಯಲ್ಲಿ ಕೊಂದರು. 2024ರಲ್ಲಿ ಶಸ್ತ್ರಧಾರಿ ತಂಡಗಳು ಆ ಮೇಲಿನ ಬಡಾವಣೆಗಳಿಗೇ ನುಗ್ಗಿದವು.

ಹೈಟಿಗೂ ಕೊರಟಗೆರೆಗೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಅಲ್ಲಿಯ ದಾರಿದ್ರ್ಯ, ಅಲ್ಲಿಯ ಭೂಕಂಪ, ಅಲ್ಲಿಯ ಅರಾಜಕತೆ ನಮಗಿಲ್ಲ, ನಿಜ. ಹೋಲಿಕೆ ಇರುವುದು ರಾಜಧಾನಿಯೊಂದು ತನ್ನ ಹತ್ತಿರದ ಬೆಟ್ಟವನ್ನು ಬಳಸಿಕೊಳ್ಳುವ ಕ್ರಮದಲ್ಲಿ. ಮೊದಲು ಬೆಟ್ಟದ ನೀರನ್ನು ತೆಗೆದುಕೊಳ್ಳುತ್ತದೆ. ಬಳಿಕ ಕಲ್ಲು ಮತ್ತು ಮರಳನ್ನು. ಕಟ್ಟಕಡೆಗೆ ತಂಪು ಗಾಳಿಯನ್ನು ಕೊಳ್ಳಲು ತಾನೇ ಮೇಲೇರಿ ಬರುತ್ತದೆ. ಈ ಕ್ರಮವನ್ನು ಕಾಣಲು ಕಡಲು ದಾಟಬೇಕಿಲ್ಲ, ನಂದಿಬೆಟ್ಟಕ್ಕೆ ಹೋದರೆ ಸಾಕು.

ನಂದಿ ಮತ್ತು ಅದರ ಸುತ್ತಲಿನ ಗಿರಿಗಳು ಅರ್ಕಾವತಿ, ಪಾಲಾರ್, ಪಿನಾಕಿನಿಗಳ ತವರು. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರು ಕುಡಿದದ್ದು ಈ ಅರ್ಕಾವತಿಯನ್ನೇ. ಆ ಜಲಾನಯನವನ್ನು ಉಳಿಸಲೆಂದು 2003ರ ನವೆಂಬರ್ 18ರಂದು ಸರ್ಕಾರ ಅಧಿಸೂಚನೆ ಹೊರಡಿಸಿತು. 2019ರಲ್ಲಿ ತಾನೇ ಅದನ್ನು ಸಡಿಲಗೊಳಿಸಿತು. ನಡುವೆ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಂದಾಚೆಗೆ ನಂದಿಯ ತಪ್ಪಲಿನ ದ್ರಾಕ್ಷಿ, ರಾಗಿ, ಹಿಪ್ಪುನೇರಳೆಯ ಹೊಲಗಳ ನಡುವೆ ಕಾಂಪೌಂಡು ಗೋಡೆಗಳೆದ್ದವು, ಬಂಗಲೆಗಳ ನಡುವೆ ಗಾಲ್ಫ್ ಮೈದಾನವೂ ಬಂತು. ಅರ್ಕಾವತಿ ಬತ್ತಿದ್ದಕ್ಕೆ ಈ ಬಂಗಲೆಗಳೊಂದೇ ಕಾರಣವೆಂದು ಹೇಳಿದರೆ ಅದು ಅನ್ಯಾಯದ ಮಾತಾದೀತು. ನೀಲಗಿರಿ ತೋಪುಗಳು, ಲೆಕ್ಕವಿಲ್ಲದ ಕೊಳವೆಬಾವಿಗಳು, ಕ್ವಾರಿಗಳು, ಮುಚ್ಚಿಹೋದ ರಾಜಕಾಲುವೆಗಳು ಎಲ್ಲವೂ ಕೂಡಿ ಆ ನದಿಯನ್ನು ಕೊಂದವು. ಆದರೆ ಸತ್ತ ನದಿಯ ತಲೆಯ ಮೇಲೆ ವರ್ಷವಿಡೀ ಹಸಿರಾಗಿರುವ ಹುಲ್ಲುಹಾಸನ್ನು ಹಾಸಲು ಎಷ್ಟು ಧೈರ್ಯ ಬೇಕು!

ಇನ್ನೊಂದು ವಿಪರ್ಯಾಸವನ್ನು ಓದುಗರು ಗಮನಿಸಬೇಕು. ಬೆಂಗಳೂರಿಗೆ ಕುಡಿಯುವ ನೀರು ಕಳುಹಿಸುತ್ತಿದ್ದ ಆ ಸೀಮೆಯ ಕೆರೆಗಳಿಗೆ ಈಗ ಬೆಂಗಳೂರಿನ ಕೊಳಚೆನೀರನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿ ಪಂಪು ಮಾಡಲಾಗುತ್ತಿದೆ. ಕೋಲಾರಕ್ಕೆ 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು, ಚಿಕ್ಕಬಳ್ಳಾಪುರಕ್ಕೆ ಹೆಬ್ಬಾಳ-ನಾಗವಾರ ಕಣಿವೆಯ ನೀರು. ಮೂರನೆಯ ಹಂತದ ಸಂಸ್ಕರಣೆ ಮಾಡಿರೆಂದು ಅಲ್ಲಿಯ ಜನ ವರ್ಷಗಳಿಂದ ಬೇಡುತ್ತಿದ್ದಾರೆ. ಕೆರೆ ತುಂಬಿದ್ದರಿಂದ ರೈತರಿಗೆ ಅನುಕೂಲವಾಗಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಬಾಯಾರಿದವನು ಲೋಟವನ್ನು ಪರೀಕ್ಷಿಸುವುದಿಲ್ಲ. ಆದರೆ ಊಟೆ ಹುಟ್ಟುವ ಬೆಟ್ಟದವರಿಗೆ ಇಂಥ ಬಾಯಾರಿಕೆ ಬಂದದ್ದಾದರೂ ಹೇಗೆ?

2021ರ ಆಗಸ್ಟ್ 24ರ ರಾತ್ರಿ ಸುರಿದ ಮಳೆಗೆ ನಂದಿಬೆಟ್ಟದ ಗುಡ್ಡ ಜರಿದು ಮೇಲೇರುವ ರಸ್ತೆಯೇ ಕೊಚ್ಚಿಹೋಯಿತು. ಪ್ರವಾಸಿಗರಿಗೆ ಮತ್ತೆ ಬಾಗಿಲು ತೆರೆದದ್ದು ಡಿಸೆಂಬರಿನಲ್ಲಿ. ಭೂಕುಸಿತವೆಂದರೆ ಕೊಡಗು, ಶಿರಾಡಿ ಎಂದುಕೊಂಡಿದ್ದ ನಾವು, ಬಯಲುಸೀಮೆಯ ಬೆಟ್ಟವೂ ಜರಿಯಬಲ್ಲದೆಂದು ಅಂದು ಕಂಡೆವು. ಅದೇ ವರ್ಷದ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಕ್ವಾರಿಯ ಸಿಡಿಮದ್ದು ಸ್ಫೋಟಿಸಿ ಆರು ಮಂದಿ ಸತ್ತಿದ್ದರು. ಬೆಟ್ಟದ ಬಂಗಲೆಗಳನ್ನು ಹೊಗಳುವವರು ಆ ಬಂಗಲೆಗಳ ಜಲ್ಲಿ ಎಲ್ಲಿಂದ ಬರುತ್ತದೆಂದು ಒಮ್ಮೆಯಾದರೂ ಕೇಳಿಕೊಳ್ಳಬೇಕು.

ಈಗ ನಮ್ಮ ಮನೆಬಾಗಿಲಿಗೆ ಬರೋಣ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷೆಯ ಮೂಲವೂ ಅದೇ ಬೆಟ್ಟಸಾಲು. ಒಂದೇ ಬೆಟ್ಟದಿಂದ ಒಂದು ಹೊಳೆ ಪೆನ್ನಾರಿಗೆ, ಇನ್ನೊಂದು ಕಾವೇರಿಗೆ. ನಮ್ಮ ಬೆಟ್ಟಗಳು ಮಲೆನಾಡಿನ ಬೆಟ್ಟಗಳಂತಲ್ಲ. ಇಲ್ಲಿ ಮುಗಿಲು ಮುಟ್ಟುವ ಮರಗಳಿಲ್ಲ. ಇರುವುದು ಬಂಡೆ, ಬಂಡೆಯ ಸಂದಿನ ಕುರುಚಲು, ಜಾಲಾರಿ, ಬಂದರೆ, ಮುಳ್ಳು, ಹಂಚಿಹುಲ್ಲು. ನಗರದ ಕಣ್ಣಿಗೆ ಇದು ಪಾಳುನೆಲ. ಆದರೆ ಆ ಕುರುಚಲು ಮಳೆಯ ಹೊಡೆತವನ್ನು ತಡೆಯುತ್ತದೆ, ಬಂಡೆಯ ಬಿರುಕುಗಳೊಳಗೆ ನೀರು ಮೆಲ್ಲನೆ ಇಳಿಯಲು ಬಿಡುತ್ತದೆ. ಹಾಗೆ ಇಳಿದ ನೀರು ಬೆಟ್ಟದ ಬುಡದ ಗರಸು ಮಣ್ಣಿನಲ್ಲಿ ಶೇಖರವಾಗಿ ತಗ್ಗಿನಲ್ಲಿ ತಾನಾಗಿ ಮೇಲೇಳುತ್ತದೆ. ಅದನ್ನೇ ನಮ್ಮವರು ತಲಪರಿಗೆ ಎಂದರು.

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡಗಳ ಹೊರಗೆ ಈ ಪದವನ್ನು ಬಲ್ಲವರು ಕಡಿಮೆ. ಹಳ್ಳದಲ್ಲಿ, ಕೆರೆಯ ಅಂಗಳದಲ್ಲಿ, ಮರಳುನೆಲದಲ್ಲಿ ಕೆಲವೇ ಅಡಿ ತೋಡಿದರೆ ನೀರು ಉಕ್ಕಿ, ಕಾಲುವೆಗುಂಟ ಹರಿದು ಗದ್ದೆ ಸೇರುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ. ಬೇಸಿಗೆಯಲ್ಲಿ ಅಚ್ಚುಕಟ್ಟಿನ ರೈತರೆಲ್ಲ ಕೂಡಿ ಹೂಳು ತೆಗೆಯುತ್ತಿದ್ದರು, ಗಂಗಮ್ಮನಿಗೆ ಪೂಜೆ ಸಲ್ಲಿಸುತ್ತಿದ್ದರು, ನೀರಗಂಟಿ ಸರದಿಯಂತೆ ನೀರು ಬಿಡುತ್ತಿದ್ದ. ಇಂಥ ನೀರಿಗೆ ಒಡೆಯನೊಬ್ಬನಿರಲು ಸಾಧ್ಯವಿರಲಿಲ್ಲ. ಬೆಟ್ಟದಿಂದ ಬಂದದ್ದು ಬುಡದವರೆಲ್ಲರದ್ದು. ಕೊಳವೆಬಾವಿ ಬಂದ ಮೇಲೆ ನೀರಿಗೂ ಪಹಣಿ ಬಂತು. ಯಾರ ಸರ್ವೆ ನಂಬರಿನಲ್ಲಿ ಕೊರೆದರೋ ಅವರದೇ ನೀರು. ತಲಪರಿಗೆಗಳು ಒಂದೊಂದಾಗಿ ಬತ್ತಿದವು. ಅಂತರ್ಜಲದ ಅತಿಬಳಕೆಯ ತಾಲ್ಲೂಕುಗಳ ಪಟ್ಟಿಯಲ್ಲಿ ಕೊರಟಗೆರೆ, ಮಧುಗಿರಿಗಳ ಹೆಸರು ಸೇರಿತು. ಪಾವಗಡದಲ್ಲಿ ಫ್ಲೋರೈಡು ಎಲುಬಿಗಿಳಿಯಿತು. ಈ ತಪ್ಪಿನಲ್ಲಿ ಹಳ್ಳಿಗರ ಪಾಲೂ ಇದೆ, ಸರ್ಕಾರದ ಸಾಲ-ಸಹಾಯಧನಗಳ ಪಾಲೂ ಇದೆ.

ಹೀಗೆ ಕುಟುಕು ಜೀವ ಹಿಡಿದಿರುವ ವ್ಯವಸ್ಥೆಯ ತಲೆಭಾಗದಲ್ಲಿ, ಎಂದರೆ ನೀರು ಇಂಗುವ ಜಾಗದಲ್ಲಿಯೇ, ಜೆ.ಸಿ.ಬಿ. ತಂದು ಇಳಿಜಾರನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿದರೆ ಏನಾಗುತ್ತದೆ? ರಸ್ತೆಗಾಗಿ ಕಡಿದ ಗೀರು ಮಳೆನೀರನ್ನು ಅಡ್ಡಹಿಡಿದು ಬೇರೊಂದು ಹಳ್ಳಕ್ಕೆ ಒಯ್ಯುತ್ತದೆ. ಇತ್ತ ಒಂದು ಕೆರೆ ಖಾಲಿ, ಅತ್ತ ಇನ್ನೊಂದರ ಕೋಡಿ ಒಡೆಯುತ್ತದೆ. ಹಸಿಮಣ್ಣು ಹರಿದು ಕೆರೆಯಲ್ಲಿ ಹೂಳಾಗುತ್ತದೆ. ವಾರಕ್ಕೆರಡು ದಿನ ಬರುವವರ ಹುಲ್ಲಿಗೆ, ಈಜುಕೊಳಕ್ಕೆ ಏಳು ದಿನವೂ ಆಳದ ಬೋರು ಓಡುತ್ತದೆ. ಕರಡಿ, ಚಿರತೆಗಳು ತಮ್ಮ ದಾರಿಯಲ್ಲಿ ತಂತಿಬೇಲಿ ಕಂಡು ಊರೊಳಗಿನ ದಾರಿ ಹಿಡಿಯುತ್ತವೆ. ಆಗ ದನಗಾಹಿಯ ಮೇಲೆ ಬಿದ್ದ ಕರಡಿ ಸುದ್ದಿಯಾಗುತ್ತದೆಯೇ ಹೊರತು ಅದರ ದಾರಿಗೆ ಬೇಲಿ ಹಾಕಿದವರ ವಿಷಯ ಸುದ್ದಿಯಾಗುವುದಿಲ್ಲ.

ಕಾನೂನು ನಮ್ಮನ್ನು ಕಾಯುತ್ತದೆಂದು ನಂಬುವವರಿಗೆ ಕೆಲವು ವಿಷಯಗಳನ್ನು ನೆನಪಿಸಬೇಕಾಗಿದೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕರಲ್ಲದವರು, ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ಮೀರಿದವರು ಸಾಗುವಳಿ ಭೂಮಿ ಕೊಳ್ಳುವುದಕ್ಕೆ ತಡೆಯಾಗಿದ್ದವು. ತಡೆ ತೂತುಬಿದ್ದಿತ್ತು, ಒಪ್ಪೋಣ. 2020ರಲ್ಲಿ, ಕೊರೋನಾದಿಂದ ಜನ ಬೀದಿಗಿಳಿಯಲಾರದ ಹೊತ್ತಿನಲ್ಲಿ, ಸುಗ್ರೀವಾಜ್ಞೆಯ ಮೂಲಕ ಆ ತಡೆಯನ್ನೇ ಕಿತ್ತುಹಾಕಲಾಯಿತು. 2022ರ ಮೇ ತಿಂಗಳಲ್ಲಿ ರಾಜ್ಯದ ಪರಿಭಾವಿತ ಅರಣ್ಯದ ಲೆಕ್ಕವನ್ನು 9.94 ಲಕ್ಷ ಹೆಕ್ಟೇರಿನಿಂದ 3.30 ಲಕ್ಷ ಹೆಕ್ಟೇರಿಗೆ ಇಳಿಸಲಾಯಿತು. ಬೆಂಗಳೂರಿನ ಮಗ್ಗುಲಿನ ಬನ್ನೇರುಘಟ್ಟದ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268 ಚದರ ಕಿಲೋಮೀಟರಿಗೂ ಹೆಚ್ಚಿದ್ದದ್ದು 2020ರ ಅಂತಿಮ ಅಧಿಸೂಚನೆಯಲ್ಲಿ 168ಕ್ಕೆ ಕುಗ್ಗಿತು. ರಾಷ್ಟ್ರೀಯ ಉದ್ಯಾನವೆಂಬ ಕಿರೀಟವಿರುವ ಕಾಡಿನ ಗತಿಯೇ ಇದಾದರೆ ಹೆಸರಿಲ್ಲದ ನಮ್ಮ ಗುಡ್ಡಗಳನ್ನು ಕೇಳುವವರಾರು?

ಗೋಮಾಳದ ಕಥೆ ಇನ್ನೂ ಸೂಕ್ಷ್ಮವಾದದ್ದು. ನೂರು ದನಗಳಿಗೆ 12 ಹೆಕ್ಟೇರ್, ಎಂದರೆ ಸುಮಾರು ಮೂವತ್ತು ಎಕರೆ ಗೋಮಾಳವಿರಬೇಕೆಂದು ಭೂಕಂದಾಯ ನಿಯಮ ಹೇಳುತ್ತದೆ. ಕೇಳಲು ಚೆಂದ. ಆದರೆ ಬರದಿಂದ, ಮೇವಿಲ್ಲದೆ, ಟ್ರ್ಯಾಕ್ಟರಿನಿಂದ ಊರಿನ ದನಗಳು ಕಡಿಮೆಯಾದಂತೆಲ್ಲ ಆ ಲೆಕ್ಕದಲ್ಲಿ ಗೋಮಾಳವೂ "ಹೆಚ್ಚುವರಿ" ಆಗುತ್ತದೆ. ಹೆಚ್ಚುವರಿಯಾದದ್ದು ಮಂಜೂರಾತಿಗೆ ಸಿಗುತ್ತದೆ. ಬೆಟ್ಟದ ಬುಡದ ಗೋಮಾಳ ಬರಿಯ ಹುಲ್ಲುಗಾವಲಲ್ಲ, ಅದು ಕೆರೆಯ ಜಲಾನಯನವೆಂಬ ಮಾತಿಗೆ ಆ ಲೆಕ್ಕದಲ್ಲಿ ಅಂಕಣವೇ ಇಲ್ಲ. ಸಾರ್ವಜನಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ತೀರ್ಪಿನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಆ ತೀರ್ಪು ಬಡವನ ಗುಡಿಸಲಿನ ಮುಂದೆ ಓದಿದಷ್ಟು ಗಟ್ಟಿಯಾಗಿ ಗೇಟು ಹಾಕಿದ ತೋಟದ ಮುಂದೆ ಓದಿದ್ದನ್ನು ನಾವು ಕೇಳಿಲ್ಲ.

ನೆರೆಯ ತಮಿಳುನಾಡಿನಲ್ಲಿ 1990ರಿಂದ ಗುಡ್ಡಪ್ರದೇಶ ಸಂರಕ್ಷಣಾ ಪ್ರಾಧಿಕಾರವಿದೆ. ಪಟ್ಟಿಯಲ್ಲಿರುವ ಗುಡ್ಡದ ಹಳ್ಳಿಗಳಲ್ಲಿ ಬಡಾವಣೆ, ಕಟ್ಟಡಗಳಿಗೆ ಅದರ ಒಪ್ಪಿಗೆ ಬೇಕು. ಅದೂ ದೋಷಮುಕ್ತವಲ್ಲ. ನಮ್ಮಲ್ಲಿ ಬೆಟ್ಟವೆಂದರೆ ಪಶ್ಚಿಮಘಟ್ಟ ಮಾತ್ರ. ವರದಿಗಳೂ, ಕರಡು ಅಧಿಸೂಚನೆಗಳೂ, ವಾಗ್ವಾದಗಳೂ ಅದರ ಸುತ್ತಲೇ. ತುಮಕೂರು ಸರ್ಕಾರದ ಕಡತದಲ್ಲಿ ಬಯಲುಸೀಮೆ. ಬಯಲಿನಲ್ಲಿ ಬೆಟ್ಟವಿದೆಯೆಂದು ಒಪ್ಪಿಕೊಳ್ಳಲು ಕಡತಕ್ಕೆ ಮನಸ್ಸಿಲ್ಲ.

ಇನ್ನು ರೈತನ ಪ್ರಶ್ನೆ. ಮಗಳ ಮದುವೆ, ಮಗನ ಓದು, ಬ್ಯಾಂಕಿನ ನೋಟೀಸು, ಮೂರು ಬಾರಿ ಕೊರೆಸಿಯೂ ನೀರು ಬಾರದ ಬೋರು. ಇವುಗಳ ನಡುವೆ ನಿಂತವನಿಗೆ ನೆಲ ಮಾರಬೇಡವೆಂದು ಉಪದೇಶಿಸುವ ಅಧಿಕಾರ ನಮ್ಮ ಬಳಗಕ್ಕೂ ಇಲ್ಲ. ಆದರೆ ಮಾರಿದ ಹಣ ಎಷ್ಟು ವರ್ಷ ಉಳಿಯಿತೆಂದು ದೇವನಹಳ್ಳಿಯ ಕಡೆಯ ನೆಂಟರನ್ನು ಕೇಳಿ ನೋಡಿರೆಂದು ಹೇಳುವ ಅಧಿಕಾರವುಂಟು. ಪಾವಗಡದ ತಿರುಮಣಿಯ ಸೌರವಿದ್ಯುತ್ ಪಾರ್ಕಿನ ಬಗ್ಗೆ ನಮಗೆ ಹಲವು ತಕರಾರುಗಳಿವೆ, ಅಲ್ಲಿ ಭೂಹೀನ ಕೂಲಿಕಾರರ ಕೆಲಸ ಹೋಯಿತು, ಕುರಿಗಳ ಮೇವು ಹೋಯಿತು. ಆದರೂ ಆ ಹದಿಮೂರು ಸಾವಿರ ಎಕರೆಯ ಯೋಜನೆಯಲ್ಲಿ ನೆಲವನ್ನು ಗುತ್ತಿಗೆಗೆ ಪಡೆದು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಬಾಡಿಗೆ ಆರಂಭಿಸಲಾಯಿತು. ಖಾತೆ ರೈತನ ಹೆಸರಿನಲ್ಲೇ ಉಳಿಯಿತು. ಬೆಟ್ಟದ ಬುಡದ ಮಧ್ಯವರ್ತಿ ಅಷ್ಟನ್ನೂ ಉಳಿಸುವುದಿಲ್ಲ. ಇನ್ನು ಕೆಲಸವೆಂದರೆ ಏನು ಕೆಲಸ? ತನ್ನದೇ ಹೊಲವಾಗಿದ್ದ ಜಾಗದ ಗೇಟಿನಲ್ಲಿ ಟೋಪಿ ಹಾಕಿಕೊಂಡು ನಿಲ್ಲುವ ಕೆಲಸ. ಜಲೂಸಿಯ ಜನಕ್ಕೂ ಅಂಥ ಕೆಲಸಗಳಿದ್ದವು.

ಇದೆಲ್ಲ ತಡೆಯಲಾಗದ ಪ್ರವಾಹವೆಂದು ಕೈಚೆಲ್ಲುವವರಿಗೆ ಇದೇ ನಂದಿಯ ಸೀಮೆಯಿಂದಲೇ ಉತ್ತರ ಬಂದಿದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಸ್ವಾಧೀನಪಡಿಸಿಕೊಳ್ಳಲು ಹೊರಟಾಗ ಅಲ್ಲಿಯ ರೈತರು 2022ರ ಏಪ್ರಿಲಿನಲ್ಲಿ ಧರಣಿ ಕುಳಿತರು. ಸಾವಿರ ದಿನಗಳು ಕಳೆದರೂ ಏಳಲಿಲ್ಲ. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಅದೇ ತಾಲ್ಲೂಕಿನ ನಲ್ಲೂರಿನ ಹಳೆಯ ಹುಣಸೆತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅಂಥ ತಾಣವೆಂದು ಘೋಷಿಸಲು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಬೇಕೆಂದು 2002ರ ಜೀವವೈವಿಧ್ಯ ಕಾಯ್ದೆ ಹೇಳುತ್ತದೆ. ಹುಣಸೆಗೂ ಹಲಸಿಗೂ ಹೆಸರಾದ ತೋವಿನಕೆರೆಯ ಸುತ್ತ, ಗಿಡಮೂಲಿಕೆಗಳಿಗೆ ಹೆಸರಾದ ಸಿದ್ದರಬೆಟ್ಟದ ಸುತ್ತ ಅಂಥ ಒಂದು ಪ್ರಸ್ತಾವ ಏಕೆ ಏಳಬಾರದು?

ಮುಂದಿನ ಗ್ರಾಮಸಭೆಗೆ ಬೀದಿದೀಪ, ಚರಂಡಿಗಳ ಅರ್ಜಿಯ ಜೊತೆಗೆ ಇನ್ನೊಂದು ಕಾಗದವನ್ನೂ ಒಯ್ಯೋಣ. ನಮ್ಮೂರಿನ ಕೆರೆಗೆ, ತಲಪರಿಗೆಗೆ ನೀರು ಬರುವ ಬೆಟ್ಟ ಯಾವುದು, ಆ ಇಳಿಜಾರಿನ ಸರ್ವೆ ನಂಬರುಗಳಾವುವು, ಅವುಗಳಲ್ಲಿ ಗೋಮಾಳವೆಷ್ಟು, ಖರಾಬೆಷ್ಟು, ಇತ್ತೀಚೆಗೆ ಕೈಬದಲಾದದ್ದೆಷ್ಟು, ಅನ್ಯಕ್ರಾಂತಕ್ಕೆ ಅರ್ಜಿ ಬಿದ್ದಿರುವುದು ಯಾವುದಕ್ಕೆ ಎಂಬುದನ್ನು ಅದರಲ್ಲಿ ಬರೆದಿರಬೇಕು. ಗೊತ್ತಿಲ್ಲದ್ದನ್ನು 2005ರ ಮಾಹಿತಿ ಹಕ್ಕಿನಡಿ ತಾಲ್ಲೂಕು ಕಚೇರಿಯಿಂದ ಹತ್ತು ರೂಪಾಯಿಗೆ ಕೇಳಿ ಪಡೆಯಬಹುದು. ಇಂಗುವ ಜಾಗದಲ್ಲಿ ಅನ್ಯಕ್ರಾಂತ ಕೂಡದೆಂದು ಸಭೆಯಲ್ಲಿ ಠರಾವು ಬರೆಯಿಸಿ, ನಡವಳಿ ಪುಸ್ತಕದಲ್ಲಿ ಸಹಿ ಬೀಳುವವರೆಗೆ ಯಾರೂ ಏಳಬಾರದು. ಪಟ್ಟಿ ಸಿದ್ಧಪಡಿಸಿದ ಹಳ್ಳಿಗಳವರು ಒಂದು ಪ್ರತಿಯನ್ನು ಬಳಗಕ್ಕೂ ತಲುಪಿಸಿದರೆ, ಎಲ್ಲವನ್ನೂ ಒಂದೇ ಕಟ್ಟಾಗಿ ಜಿಲ್ಲಾಧಿಕಾರಿಗಳ ಮುಂದಿಡೋಣ.